ಬೋರ್ಡ್ ಮೇಲೆ ನನ್ನ ಹೆಸರು ಬರೆಯುತ್ತಿದ್ದವಳ ಜೊತೆ ಸಿನಿಮಾ ಮಾಡಿದ್ದು

ಮೇಷ್ಟ್ರು ಬರದ ಪಿರಿಯಡ್‌ನಲ್ಲಿ ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯೋದು ಕ್ಲಾಸ್ ಲೀಡರ್ ಕೆಲಸ. ನಮ್ಮ ಲೀಡರ್ ಅದನ್ನು ತುಂಬಾ ಶ್ರದ್ಧೆಯಿಂದ ಮಾಡುತ್ತಿದ್ದಳು. ಮೊದಲ ಹೆಸರು ಹೆಚ್ಚಾಗಿ ನನ್ನದೇ ಇರುತ್ತಿತ್ತು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದೊಂದು ಗೀಟು ಸೇರುತ್ತಿತ್ತು. ಮೇಷ್ಟ್ರು ಬಂದಾಗ ಗೀಟು ಎಣಿಸಿ ಹೇಳೋಳು. ಒಂದೂ ಜಾಸ್ತಿ ಇಲ್ಲ, ಒಂದೂ ಕಮ್ಮಿ ಇಲ್ಲ. ಅದಕ್ಕೇ ನನಗೆ ಅವಳ ಮೇಲೆ ಇನ್ನೂ ಸಿಟ್ಟು. ತಪ್ಪು ಲೆಕ್ಕ ಹಾಕಿದ್ದರೆ ವಾದ ಮಾಡಬಹುದಿತ್ತಲ್ಲ.

ನನಗೆ ಸಿನಿಮಾ ಹುಚ್ಚು. ಅವಳಿಗೆ ಸಿನಿಮಾ ಅಂದರೆ ಆಗುತ್ತಿರಲಿಲ್ಲ. ‘ಮಳೆಯಲ್ಲಿ ಪೂರ್ತಿ ನೆಂದವನು ಬಾಗಿಲು ದಾಟಿ ಒಳಗೆ ಬಂದರೆ ಒಣಗಿರ್ತಾನೆ, ಅದು ಯಾರಿಗೂ ಕಾಣಲ್ವಾ?’ ಅಂತ ಕೇಳೋಳು. ನಮಗೆ ಯಾರಿಗೂ ಕಂಡಿರಲಿಲ್ಲ. ನಾವು ಕಥೆ ನೋಡುತ್ತಿದ್ದೆವು, ಅವಳು ಅಂಗಿ ನೋಡುತ್ತಿದ್ದಳು. ಸಿನಿಮಾ ಮಾಡೋಕೆ ಅಂಥವರೇ ಬೇಕು ಅನ್ನೋದು ಆಗ ನನಗೆ ಹೇಗೆ ಗೊತ್ತಾಗಬೇಕು?

ಇದು ತೊಂಬತ್ತರ ದಶಕದ ಶುರುವಿನ ಮಾತು. ರಜೆಗೆ ಬಂದ ಸೋದರಮಾವ ತಮ್ಮ ವಿಡಿಯೊ ಕ್ಯಾಮೆರಾವನ್ನು ನಮ್ಮನೆಯಲ್ಲಿ ಬಿಟ್ಟು ಹೋದರು. ಜೊತೆಗೆ ಒಂದೇ ಒಂದು ಕ್ಯಾಸೆಟ್. ವಿಎಚ್‌ಎಸ್-ಸಿ ಅನ್ನುವ ಚಿಕ್ಕ ಕ್ಯಾಸೆಟ್ ಅದು. ಜೆವಿಸಿ ಕಂಪನಿ 1982ರಲ್ಲಿ ತಂದ ನಮೂನೆ. ಒಳಗಿನ ಟೇಪು ಮಾಮೂಲಿ ವಿಎಚ್‌ಎಸ್‌ನದ್ದೇ, ಅಂದರೆ ಆಗಿನ ದೊಡ್ಡ ವಿಡಿಯೊ ಕ್ಯಾಸೆಟ್‌ನದ್ದೇ, ಡಬ್ಬಿ ಮಾತ್ರ ಅಂಗೈಯಷ್ಟು. ಮಾಮೂಲಿ ವೇಗದಲ್ಲಿ ಅರ್ಧ ಗಂಟೆ ಹಿಡಿಯುತ್ತಿತ್ತು. ಟಿವಿಯಲ್ಲಿ ನೋಡಬೇಕಾದರೆ ಅದನ್ನು ದೊಡ್ಡ ಕ್ಯಾಸೆಟ್ ಆಕಾರದ ಅಡಾಪ್ಟರ್ ಒಳಗೆ ಕೂರಿಸಿ, ಕ್ಯಾಸೆಟ್ ಓಡಿಸುವ ವಿಸಿಆರ್‌ಗೆ ಹಾಕಬೇಕು.

ಕಥೆ ನನ್ನ ತಲೆಯಲ್ಲಿ ರೆಡಿ ಇತ್ತು. ಒಂದು ಕೊಡೆ ಇದೆ, ಬಿಚ್ಚಿದವರು ಮಾಯ ಆಗ್ತಾರೆ. ಒಬ್ಬ ಕಳ್ಳನಿಗೆ ಅದು ಸಿಗುತ್ತೆ. ಅಷ್ಟೇ. ಕಳ್ಳ ನಾನು. ಸಹಾಯಕ್ಕೆ ತಂಗಿ. ಕ್ಯಾಸೆಟ್ ಒಂದೇ ಇದ್ದದ್ದರಿಂದ ಯಾವ ಶಾಟ್ ಎಷ್ಟು ಸೆಕೆಂಡ್ ಅಂತ ಲೆಕ್ಕ ಇಡಬೇಕಿತ್ತು. ಕ್ಯಾಮೆರಾದಲ್ಲಿ ಕೌಂಟರ್ ಇತ್ತು ನಿಜ, ಆದರೆ ಅದರಲ್ಲಿ ಬರುತ್ತಿದ್ದದ್ದು ಬರೀ ಅಂಕಿ, ನಿಮಿಷ ಸೆಕೆಂಡ್ ಅಲ್ಲ. ಕ್ಯಾಸೆಟ್ ಹೊರಗೆ ತೆಗೆದರೆ ಮತ್ತೆ ಸೊನ್ನೆ. ಸೆಕೆಂಡ್ ಮುಳ್ಳಿರುವ ಕೈಗಡಿಯಾರ ನನಗೆ ಗೊತ್ತಿದ್ದವರಲ್ಲಿ ಒಬ್ಬಳ ಹತ್ತಿರ ಮಾತ್ರ ಇತ್ತು. ಬೇರೆ ದಾರಿ ಇಲ್ಲದೆ ಲೀಡರ್ ಮನೆಗೆ ಹೋಗಿ ಕೇಳಿದೆ.

‘ವಾಚ್ ಕೊಡಲ್ಲ. ಬೇಕಾದ್ರೆ ನಾನೇ ಬರ್ತೀನಿ’ ಅಂದಳು.

ಮರುದಿನ ವಾಚ್, ಒಂದು ನೋಟ್‌ಬುಕ್, ಎರಡು ಪೆನ್ಸಿಲ್ ಹಿಡಿದು ಬಂದಳು. ಬಂದವಳೇ ಕೇಳಿದ ಮೊದಲ ಪ್ರಶ್ನೆ: ‘ತಪ್ಪಾದ್ರೆ ಅಳಿಸೋದು ಹೇಗೆ?’

ಆ ಪ್ರಶ್ನೆಯಲ್ಲೇ ನಮ್ಮ ಇಡೀ ಸಿನಿಮಾ ಇತ್ತು. ಎಡಿಟಿಂಗ್ ಮಾಡೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಎರಡು ವಿಸಿಆರ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ಬೇಕಾದಷ್ಟೇ ಇಳಿಸಿಕೊಳ್ಳಬಹುದು. ಆದರೆ ಪ್ರತಿ ಕಾಪಿಯಲ್ಲೂ ಚಿತ್ರ ಮಸುಕಾಗುತ್ತೆ, ಬಣ್ಣ ಹರಡುತ್ತೆ. ವಿಎಚ್‌ಎಸ್ ಚಿತ್ರ ಮೊದಲೇ ಅಷ್ಟಕ್ಕಷ್ಟೇ. ಹಾಗಾಗಿ ಉಳಿದದ್ದು ಒಂದೇ ದಾರಿ, ಕ್ಯಾಮೆರಾದೊಳಗೇ ಎಡಿಟ್ ಮಾಡೋದು. ಕಥೆ ಯಾವ ಕ್ರಮದಲ್ಲಿ ಬರುತ್ತೋ ಅದೇ ಕ್ರಮದಲ್ಲಿ ಶೂಟ್ ಮಾಡಬೇಕು. ಒಂದು ಶಾಟ್ ಮುಗಿದ ಕೂಡಲೇ ಮುಂದಿನದ್ದು. ಚೆನ್ನಾಗಿ ಬರಲಿಲ್ಲ ಅಂದರೆ ಟೇಪನ್ನು ಹಿಂದೆ ತಿರುಗಿಸಿ, ಹಿಂದಿನ ಒಳ್ಳೆಯ ಶಾಟ್ ಎಲ್ಲಿ ಮುಗಿದಿದೆಯೋ ಸರಿಯಾಗಿ ಅಲ್ಲಿ ನಿಲ್ಲಿಸಿ, ಹಾಳಾದದ್ದರ ಮೇಲೇ ಹೊಸದನ್ನು ತೆಗೀಬೇಕು. ಹೊಸದು ಹಳೆಯದಕ್ಕಿಂತ ಚಿಕ್ಕದಾದರೆ ಹಳೆಯದರ ಬಾಲ ಹಿಂದೆ ಉಳಿಯುತ್ತೆ. ಅದನ್ನು ಮುಂದಿನ ಶಾಟ್ ನುಂಗಬೇಕು. ಇದಕ್ಕೆಲ್ಲ ಲೆಕ್ಕ ಬೇಕು. ನನಗೆ ಲೆಕ್ಕ ಬರುತ್ತಿರಲಿಲ್ಲ.

ಇನ್ನೊಂದು ತೊಂದರೆ ಅವಳೇ ಕಂಡುಹಿಡಿದಳು. ಮೊದಲ ದಿನದ ಶೂಟಿಂಗನ್ನು ವಾಪಸ್ ಹಾಕಿ ನೋಡಿದಾಗ ಪ್ರತಿ ಶಾಟ್‌ನ ಕೊನೆ ಸ್ವಲ್ಪ ಕತ್ತರಿಸಿಹೋಗಿತ್ತು. ಬಾಗಿಲು ತೆಗೆಯೋಕೆ ಕೈ ಹೋಗುತ್ತೆ, ಬಾಗಿಲು ತೆರೆಯೋ ಮೊದಲೇ ಮುಂದಿನ ಶಾಟ್. ನಾನು ಕ್ಯಾಮೆರಾ ಕೆಟ್ಟಿದೆ ಅಂದುಕೊಂಡೆ. ಅವಳು ನೋಟ್‌ಬುಕ್ ನೋಡಿ, ಮತ್ತೆ ವಾಚ್ ಹಿಡಿದು ಅಳೆದು, ‘ಎಲ್ಲಾದರಲ್ಲೂ ಒಂದೇ ಥರ ಹೋಗ್ತಿದೆ, ಸುಮಾರು ಒಂದು ಸೆಕೆಂಡ್’ ಅಂದಳು. ಅದು ನಿಜ. ಟೇಪ್ ಕ್ಯಾಮೆರಾ ರೆಕಾರ್ಡಿಂಗ್ ನಿಲ್ಲಿಸಿದಾಗ ಟೇಪನ್ನು ಒಂಚೂರು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಶಾಟ್ ಜರ್ಕ್ ಇಲ್ಲದೆ ಸೇರಲಿ ಅಂತ. ಆ ಎಳೆದುಕೊಂಡಷ್ಟು ಭಾಗ ಹೋದ ಹಾಗೇ. ಅವತ್ತಿನಿಂದ ಅವಳು ಒಂದು ಕಾನೂನು ಮಾಡಿದಳು: ನಟನೆ ಮುಗಿದ ಮೇಲೆ ಎಲ್ಲರೂ ಹಾಗೇ ನಿಂತು ಮನಸ್ಸಿನಲ್ಲಿ ಮೂರು ಎಣಿಸಬೇಕು, ಆಮೇಲೆ ಬಟನ್. ಇವತ್ತಿಗೂ ನಾನು ಫೋನ್‌ನಲ್ಲಿ ತೆಗೆಯುವಾಗಲೂ ಮೂರು ಎಣಿಸುತ್ತೇನೆ. ಎಡಿಟ್ ಮಾಡೋಕೆ ಕೂತಾಗ ಆ ಮೂರು ಸೆಕೆಂಡ್ ಎಷ್ಟು ಉಪಯೋಗಕ್ಕೆ ಬರುತ್ತೆ ಅನ್ನೋದು ಮಾಡಿದವರಿಗೇ ಗೊತ್ತು.

ನೋಟ್‌ಬುಕ್ ಬಗ್ಗೆ ಹೇಳಲೇಬೇಕು. ಪುಟಕ್ಕೆ ಸ್ಕೇಲ್ ಇಟ್ಟು ಗೀಟು ಹಾಕಿ ಕಾಲಂ ಮಾಡಿದ್ದಳು. ಶಾಟ್ ನಂಬರ್, ಕೌಂಟರ್ ಅಂಕಿ, ಸೆಕೆಂಡ್, ಯಾರು ಏನು ಹಾಕಿದ್ದರು, ಯಾವ ಕೈಯಲ್ಲಿ ಏನಿತ್ತು, ಬಿಸಿಲು ಎಲ್ಲಿಂದ ಬೀಳುತ್ತಿತ್ತು. ಕೊನೆಯ ಕಾಲಂ ಹೆಸರು ‘ಮಾತು’. ಶಾಟ್ ನಡೆಯುವಾಗ ನಾನು ಬಾಯಿಬಿಟ್ಟರೆ ಅಲ್ಲಿ ಗೀಟು.

ಕ್ಯಾಮೆರಾದ ಮೈಕ್ ಕ್ಯಾಮೆರಾದಲ್ಲೇ ಇರುತ್ತದೆ. ಎದುರಿಗಿರುವವರ ಮಾತಿಗಿಂತ ಕ್ಯಾಮೆರಾ ಹಿಡಿದವನ ಉಸಿರು ಅದಕ್ಕೆ ಹತ್ತಿರ. ಸಾಲದ್ದಕ್ಕೆ ಧ್ವನಿಯ ಮಟ್ಟವನ್ನು ಅದೇ ಸರಿಮಾಡಿಕೊಳ್ಳುತ್ತೆ. ಎಲ್ಲರೂ ಸುಮ್ಮನಿದ್ದರೆ ದೂರದ ಸದ್ದನ್ನೂ ಎತ್ತಿ ಕೊಡುತ್ತೆ, ಟೇಪ್ ತಿರುಗುವ ಮೋಟರ್ ಸದ್ದು ಸಹ ಬರುತ್ತೆ. ಇದರ ಮಧ್ಯೆ ನನ್ನದು ‘ಹಾಂ ಹಾಂ, ಈಗ ತಿರುಗು, ತಿರುಗು’. ಕೊನೆಗೆ ಅವಳು ಕೈಸನ್ನೆ ಕಲಿಸಿದಳು. ಅಂಗೈ ಎತ್ತಿದರೆ ಶುರು, ಮುಷ್ಟಿ ಕಟ್ಟಿದರೆ ನಿಲ್ಲಿಸು. ‘ಸುಮ್ನಿರು’ ಅಂತ ಬಾಯಲ್ಲಿ ಹೇಳಿದರೆ ಅದೂ ರೆಕಾರ್ಡ್ ಆಗುತ್ತಲ್ಲ, ಅದಕ್ಕೆ ಬೆರಳನ್ನು ತುಟಿಗೆ ಇಟ್ಟು ಕಣ್ಣು ಬಿಡುತ್ತಿದ್ದಳು. ನನ್ನ ಜೀವನದಲ್ಲಿ ನಾನು ಬಾಯಿ ಮುಚ್ಚಿ ಕೆಲಸ ಮಾಡಿದ್ದು ಅದೇ ಮೊದಲು.

ಬಣ್ಣದ ವಿಷಯದಲ್ಲಂತೂ ಆ ನೋಟ್‌ಬುಕ್ ಇಲ್ಲದಿದ್ದರೆ ಸಿನಿಮಾ ಹಾಳಾಗುತ್ತಿತ್ತು. ಆ ಕಾಲದ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಹೆಚ್ಚಾಗಿ ಕಪ್ಪು ಬಿಳುಪು. ಒಳಗೆ ಒಂದು ಪುಟ್ಟ ಪರದೆ, ಅದರಲ್ಲಿ ಎಲ್ಲಾ ಬೂದು. ರೆಕಾರ್ಡ್ ಆಗೋದು ಮಾತ್ರ ಬಣ್ಣದಲ್ಲಿ. ಕಳ್ಳ ಮೆಟ್ಟಿಲು ಹತ್ತುವ ದೃಶ್ಯವನ್ನು ಒಂದು ಸಂಜೆ ಅರ್ಧ ತೆಗೆದಿದ್ದೆವು. ಮರುದಿನ ಬೆಳಿಗ್ಗೆ ಉಳಿದರ್ಧ. ನಾನು ಮೆಟ್ಟಿಲ ಮೇಲೆ ನಿಂತೆ, ತಂಗಿ ಕ್ಯಾಮೆರಾದಲ್ಲಿ ಇಣುಕಿ ‘ಎಲ್ಲಾ ಸರಿ ಇದೆ’ ಅಂದಳು. ಲೀಡರ್ ಕ್ಯಾಮೆರಾ ಕಡೆ ನೋಡಲೇ ಇಲ್ಲ. ನೋಟ್‌ಬುಕ್ ನೋಡಿದಳು, ನನ್ನನ್ನು ನೋಡಿದಳು. ‘ನಿನ್ನೆ ಹಸಿರು ಶರ್ಟು. ಇವತ್ತು ಕೆಂಪು.’ ತಂಗಿ ನಂಬಲಿಲ್ಲ, ಮತ್ತೆ ಇಣುಕಿ ನೋಡಿದಳು. ವ್ಯೂಫೈಂಡರ್‌ನಲ್ಲಿ ಎರಡೂ ಒಂದೇ ಬೂದು. ಹಾಗೇ ತೆಗೆದಿದ್ದರೆ ಟಿವಿಯಲ್ಲಿ ಕಳ್ಳ ಮೆಟ್ಟಿಲ ಮಧ್ಯದಲ್ಲಿ ಬಣ್ಣ ಬದಲಾಯಿಸುತ್ತಿದ್ದ. ಒಗೆಯೋಕೆ ಹಾಕಿದ್ದ ಹಸಿರು ಶರ್ಟನ್ನು ಹಾಗೇ ಎತ್ತಿ ಹಾಕಿಕೊಂಡು ಶೂಟ್ ಮಾಡಿದೆವು.

ಸಿನಿಮಾದವರಲ್ಲಿ ಇದಕ್ಕೆ ಕಂಟಿನ್ಯುಟಿ ಅನ್ನುತ್ತಾರೆ, ಅದನ್ನು ನೋಡಿಕೊಳ್ಳೋಕೆ ಅಂತಲೇ ಒಬ್ಬರು ಸೆಟ್‌ನಲ್ಲಿ ಇರುತ್ತಾರೆ. ನಮಗೆ ಆ ಹೆಸರೇ ಗೊತ್ತಿರಲಿಲ್ಲ. ಅವಳು ಕ್ಲಾಸಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲೂ ಮಾಡುತ್ತಿದ್ದಳು ಅಷ್ಟೇ. ಕ್ಲಾಸಿನಲ್ಲಿ ಅದು ಚಾಡಿಯಾಗಿ ಕಾಣುತ್ತಿತ್ತು, ಇಲ್ಲಿ ಅದರಿಂದ ಸಿನಿಮಾ ಉಳಿಯುತ್ತಿತ್ತು.

ಇನ್ನೊಂದು ಸಲ ಓಡುವ ದೃಶ್ಯ. ಒಂದು ಶಾಟ್‌ನಲ್ಲಿ ನಾನು ಎಡದಿಂದ ಬಲಕ್ಕೆ ಓಡಿದೆ. ಮುಂದಿನದಕ್ಕೆ ಬೆಳಕು ಚೆನ್ನಾಗಿದೆ ಅಂತ ಕ್ಯಾಮೆರಾವನ್ನು ರಸ್ತೆಯ ಆಚೆ ಬದಿಗೆ ಇಟ್ಟೆವು. ನಾನು ಓಡಿದ್ದು ಅದೇ ದಿಕ್ಕಿಗೆ. ಆದರೆ ಟಿವಿಯಲ್ಲಿ ಬಲದಿಂದ ಎಡಕ್ಕೆ ಓಡುತ್ತಿದ್ದೆ. ನನಗೆ ಏನೂ ಅನ್ನಿಸಲಿಲ್ಲ, ಓಡುತ್ತಿದ್ದೇನಲ್ಲ ಸಾಕು. ಅವಳು ಕೇಳಿದಳು: ‘ಅವನು ಯಾಕೆ ವಾಪಸ್ ಬರ್ತಿದ್ದಾನೆ?’ ನೂರ ಎಂಬತ್ತು ಡಿಗ್ರಿ ನಿಯಮ ಅಂತ ಸಿನಿಮಾ ಕಲಿಸುವ ಕಡೆಯೆಲ್ಲ ಹೇಳಿಕೊಡುವುದು ಇದನ್ನೇ. ಪಾತ್ರ ಹೋಗುವ ದಾರಿಯನ್ನು ಒಂದು ಗೆರೆ ಅಂದುಕೊಂಡು, ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ದಾಟಿದರೆ ದಿಕ್ಕು ಉಲ್ಟಾ ಆಗುತ್ತೆ. ಸಿನಿಮಾ ಇಷ್ಟಪಡದವಳು ಒಂದೇ ಪ್ರಶ್ನೆಯಲ್ಲಿ ಅದನ್ನು ಹಿಡಿದಿದ್ದಳು. ನನ್ನ ಹುಚ್ಚು ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಈಗ ಮಾಯ ಆಗುವ ವಿಷಯ. ಇದು ಸಿನಿಮಾದ ಅತಿ ಹಳೆಯ ಉಪಾಯ. ಕ್ಯಾಮೆರಾ ನಿಲ್ಲಿಸು, ಮನುಷ್ಯನನ್ನು ಆಚೆ ಕಳಿಸು, ಕ್ಯಾಮೆರಾ ಮತ್ತೆ ಶುರುಮಾಡು. ಫ್ರಾನ್ಸ್‌ನ ಜಾರ್ಜ್ ಮೆಲಿಯೆಸ್ ಮೂಲತಃ ಜಾದೂಗಾರ. 1896ರಲ್ಲೇ ಕುರ್ಚಿಯ ಮೇಲೆ ಕೂತ ಹೆಂಗಸನ್ನು ಹೀಗೆ ಮಾಯ ಮಾಡಿ ತೋರಿಸಿದ. ಅದಕ್ಕೂ ಮುಂಚೆ, 1895ರಲ್ಲಿ, ಎಡಿಸನ್ ಕಂಪನಿಯವರು ರಾಣಿಯೊಬ್ಬಳ ತಲೆ ಕಡಿಯುವ ದೃಶ್ಯಕ್ಕೆ ಇದೇ ಉಪಾಯ ಬಳಸಿದ್ದರು. ನಟನನ್ನು ತೆಗೆದು ಆ ಜಾಗಕ್ಕೆ ಗೊಂಬೆ ಇಟ್ಟರು. ಕೇಳೋಕೆ ಸುಲಭ. ಮಾಡೋಕೆ ಹೋದರೆ ಮೂರು ಕಡೆ ಕೈಕೊಡುತ್ತೆ.

ಮೊದಲನೆಯದು ಕ್ಯಾಮೆರಾ ಅಲ್ಲಾಡೋದು. ನಮ್ಮ ಹತ್ತಿರ ಸ್ಟ್ಯಾಂಡ್ ಇರಲಿಲ್ಲ. ಮೇಜಿನ ಮೇಲೆ ಪುಸ್ತಕ ಜೋಡಿಸಿ ಅದರ ಮೇಲೆ ಕ್ಯಾಮೆರಾ. ಬಟನ್ ಒತ್ತುವಾಗ ಕೂದಲೆಳೆಯಷ್ಟು ಸರಿದರೂ ಹಿಂದಿನ ಗೋಡೆ ಜಿಗಿಯುತ್ತೆ, ನೋಡುವವರಿಗೆ ಗುಟ್ಟು ಗೊತ್ತಾಗುತ್ತೆ. ಎರಡನೆಯದು ಆ ಒಂದು ಸೆಕೆಂಡ್ ಹಿಂದಕ್ಕೆ ಎಳೆದುಕೊಳ್ಳುವ ಚಾಳಿ. ಕೊಡೆ ಬಿಚ್ಚಿದ ಕ್ಷಣಕ್ಕೇ ನಿಲ್ಲಿಸಿದರೆ ಆ ಕ್ಷಣವನ್ನೇ ಕ್ಯಾಮೆರಾ ತಿಂದುಬಿಡುತ್ತೆ. ಆದ್ದರಿಂದ ಕೊಡೆ ಬಿಚ್ಚಿ, ಹಾಗೇ ಕಲ್ಲಿನಂತೆ ನಿಂತು ಮೂರು ಎಣಿಸಿ, ಆಮೇಲೆ ನಿಲ್ಲಿಸಬೇಕು. ಮೂರನೆಯದು ಸಮಯ. ಪಾಸ್‌ನಲ್ಲಿ, ಅಂದರೆ ರೆಕಾರ್ಡಿಂಗನ್ನು ಸ್ವಲ್ಪ ಹೊತ್ತು ತಡೆದು, ಇಟ್ಟಾಗ ಟೇಪ್ ನಿಂತಿರುತ್ತೆ, ಟೇಪ್ ಮೇಲೆ ಚಿತ್ರ ಬರೆಯುವ ಹೆಡ್ ಇರುವ ಡ್ರಮ್ ಮಾತ್ರ ಅದೇ ಜಾಗವನ್ನು ಉಜ್ಜುತ್ತಾ ತಿರುಗುತ್ತಲೇ ಇರುತ್ತೆ. ಟೇಪ್ ಸವೆಯದಿರಲಿ ಅಂತ ಸುಮಾರು ಐದು ನಿಮಿಷಕ್ಕೆ ಕ್ಯಾಮೆರಾ ತಾನಾಗಿಯೇ ಪಾಸ್ ಬಿಟ್ಟುಬಿಡುತ್ತದೆ. ಅಷ್ಟರೊಳಗೆ ಎಲ್ಲಾ ಆಗಬೇಕು. ಮೋಡ ಬಂದರೂ ಕಷ್ಟ, ನೆರಳು ಸರಿದರೂ ಕಷ್ಟ.

ಪೂರ್ತಿ ಖಾಲಿ ಜಾಗದಲ್ಲಿ ಒಬ್ಬ ಮಾಯ ಆದರೆ ಮಜಾ ಬರಲ್ಲ. ಪಕ್ಕದಲ್ಲಿ ಇನ್ನೊಬ್ಬರು ಇದ್ದು, ಅವರು ಅಲ್ಲಾಡದೆ ಉಳಿದರೆ ನೋಡುವವರು ನಂಬುತ್ತಾರೆ. ತಂಗಿಗೆ ನಗು ತಡೆಯೋಕಾಗುತ್ತಿರಲಿಲ್ಲ. ನಟನೆ ಮಾಡಲ್ಲ ಅಂತ ಮೊದಲೇ ಹೇಳಿದ್ದ ಲೀಡರ್ ಕೊನೆಗೆ ‘ಸುಮ್ನೆ ಕೂರೋದು ತಾನೇ, ಅದು ನಟನೆ ಅಲ್ಲ’ ಅಂತ ಒಪ್ಪಿಕೊಂಡಳು. ಬೆಂಚಿನ ಮೇಲೆ ಕೂತು ಪುಸ್ತಕ ಓದುವ ಹುಡುಗಿ. ತಂಗಿ ಬಟನ್ ಹತ್ತಿರ. ನಾನು ಕೊಡೆ ಬಿಚ್ಚಿದೆ, ಎಣಿಸಿದೆ, ಮುಷ್ಟಿ ಸನ್ನೆ ಬಂತು, ಪಾಸ್. ನಾನು ಬೆಕ್ಕಿನ ಹೆಜ್ಜೆಯಲ್ಲಿ ಆಚೆ ಬಂದೆ. ಅವಳು ರೆಪ್ಪೆ ಕೂಡ ಮಿಟುಕಿಸಲಿಲ್ಲ. ಪುಟದ ತುದಿ ಹಿಡಿದ ಬೆರಳು ಅಲ್ಲೇ ಇತ್ತು. ಮತ್ತೆ ರೆಕಾರ್ಡ್. ಮೂರು ಎಣಿಸಿದ ಮೇಲೆ ಪುಟ ತಿರುಗಿಸಿದಳು.

ಟಿವಿಯಲ್ಲಿ ನೋಡಿದಾಗ ನಮಗೇ ಮೈ ಜುಮ್ ಅಂತು. ನಾನು ಇದ್ದೆ, ಆಮೇಲೆ ಇರಲಿಲ್ಲ. ಅವಳು ಮಾತ್ರ ಓದುತ್ತಲೇ ಇದ್ದಾಳೆ. ಲೀಡರ್ ಜೋರಾಗಿ ನಕ್ಕಿದ್ದನ್ನು ನಾನು ಅಲ್ಲೇ ಮೊದಲು ಕೇಳಿದ್ದು. ‘ಇನ್ನೊಂದ್ಸಲ ಹಾಕು’ ಅಂದಳು. ಸಿನಿಮಾ ಎಲ್ಲಾ ಸುಳ್ಳು ಅನ್ನುತ್ತಿದ್ದವಳಿಗೆ ತಾನೇ ಸೇರಿ ಮಾಡಿದ ಸುಳ್ಳು ಇಷ್ಟವಾಗಿತ್ತು.

ರಜೆ ಮುಗಿದು ಸ್ಕೂಲ್ ಶುರುವಾಯಿತು. ಬೋರ್ಡ್ ಮೇಲೆ ನನ್ನ ಹೆಸರು ಮತ್ತೆ ಬಂತು. ಗೀಟು ಕೂಡ. ರಿಯಾಯಿತಿ ಏನೂ ಸಿಗಲಿಲ್ಲ, ನಾನು ಕೇಳಲೂ ಇಲ್ಲ. ಸ್ಕೂಲ್ ಬಿಟ್ಟ ಮೇಲೆ ಮಾತ್ರ ಇಬ್ಬರೂ ಮುಂದಿನ ಕಥೆ ಬಗ್ಗೆ ಜಗಳ ಆಡುತ್ತಾ ಮನೆಗೆ ಹೋಗುತ್ತಿದ್ದೆವು. ಕ್ಲಾಸಿನವರಿಗೆ ಇದು ಅರ್ಥವೇ ಆಗಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಸ್ನೇಹಿತರಾದವರಲ್ಲ. ನನ್ನ ಕೈಲಾಗದ ಕೆಲಸ ಅವಳಿಗೆ ಬರುತ್ತಿತ್ತು, ಅವಳಿಗೆ ಹೊಳೆಯದ ಕಥೆ ನನಗೆ ಹೊಳೆಯುತ್ತಿತ್ತು. ಮೆಚ್ಚುಗೆ ಆಮೇಲೆ ಬಂತು, ಅದೂ ಸ್ವಲ್ಪ ನಿಧಾನವಾಗಿ.

ಈಗ ನಾನು ಮಕ್ಕಳಿಗೆ ಕಿರುಚಿತ್ರ ಮಾಡೋದನ್ನು ಹೇಳಿಕೊಡುತ್ತೇನೆ. ಅಲ್ಲಿ ನಾನು ಮಾಡುವ ಮೊದಲ ಕೆಲಸ ಗೆಳೆಯರ ಗುಂಪನ್ನು ಒಡೆಯೋದು. ಸದಾ ಒಟ್ಟಿಗೆ ಇರುವವರು ಒಟ್ಟಿಗೆ ಸಿನಿಮಾ ಮಾಡಿದರೆ ನಗು ಜಾಸ್ತಿ, ಕೆಲಸ ಕಮ್ಮಿ. ಮಾತಿನ ಮಲ್ಲನ ಜೊತೆ ಮಾತೇ ಆಡದವಳನ್ನು ಹಾಕುತ್ತೇನೆ. ಇಬ್ಬರಿಗೂ ಸೇರಿ ಒಂದೇ ಫೋನ್. ಒಬ್ಬರ ಕೈಯಲ್ಲಿ ಫೋನ್, ಇನ್ನೊಬ್ಬರ ಕೈಯಲ್ಲಿ ನೋಟ್‌ಬುಕ್, ಪೆನ್ಸಿಲ್. ನಿರ್ದೇಶಕ ಅನ್ನುವ ಪಟ್ಟ ಯಾರಿಗೂ ಕೊಡಲ್ಲ. ಕೊಟ್ಟರೆ ಅವತ್ತಿನ ದಿನ ಪೂರ್ತಿ ಅದರ ಜಗಳದಲ್ಲೇ ಹೋಗುತ್ತೆ.

ಮೊದಲ ಸಿನಿಮಾಗೆ ಎಡಿಟಿಂಗ್ ಆಪ್ ಮುಟ್ಟುವ ಹಾಗಿಲ್ಲ. ಕಥೆಯ ಕ್ರಮದಲ್ಲೇ ತೆಗೀಬೇಕು. ಡಿಲೀಟ್ ಮಾಡೋಕೆ ಮೊದಲು ನೋಟ್‌ಬುಕ್ ಹಿಡಿದವರು ಒಪ್ಪಬೇಕು. ಇದೊಂದು ನಿಯಮದಿಂದಲೇ ಅವರು ಮಾತಾಡೋಕೆ ಶುರುಮಾಡುತ್ತಾರೆ. ‘ಯಾಕೆ ಬೇಡ?’ ‘ಅವನ ಚಪ್ಪಲಿ ಬದಲಾಗಿದೆ.’ ‘ಹೌದಾ, ಎಲ್ಲಿ?’ ಅಲ್ಲಿಂದ ಮುಂದೆ ನನ್ನ ಕೆಲಸ ಕಮ್ಮಿ.

ಉಳಿದದ್ದು ಸಣ್ಣಪುಟ್ಟ ವಿಷಯ. ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿಡಿ, ಶಾಟ್ ಮಧ್ಯೆ ಕರೆ ಬಂದರೆ ಗೋಳು. ಪರದೆಯ ಮೇಲೆ ಮುಖ ಇರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ. ಮಾಯ ಮಾಡುವ ಶಾಟ್‌ಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಮನುಷ್ಯ ಆಚೆ ಹೋದ ಕೂಡಲೇ ಗೋಡೆಯ ಬೆಳಕು ಬದಲಾಗುತ್ತೆ. ಕಿಟಕಿಗೆ ಬೆನ್ನು ಮಾಡಿ ಯಾರನ್ನೂ ನಿಲ್ಲಿಸಬೇಡಿ, ಮುಖ ಕಪ್ಪಾಗುತ್ತೆ. ಫ್ಯಾನ್ ಆಫ್ ಮಾಡಿ. ಮಾತಿರುವ ಶಾಟ್‌ಗೆ ಹತ್ತಿರ ಹೋಗಿ, ಜೂಮ್ ಮಾಡಿದರೆ ಚಿತ್ರ ಮಾತ್ರ ಹತ್ತಿರ ಬರುತ್ತೆ, ಧ್ವನಿ ಅಲ್ಲೇ ಇರುತ್ತೆ.

ಎಲ್ಲಾ ಜೋಡಿಗಳೂ ಸ್ನೇಹಿತರಾಗುತ್ತಾರೆ ಅಂತ ನಾನು ಹೇಳಲ್ಲ. ಕೆಲವರು ಸಿನಿಮಾ ಮುಗಿಸಿ, ಒಬ್ಬರ ಮುಖ ಒಬ್ಬರು ನೋಡದೆ ಹೋಗುತ್ತಾರೆ. ಅದೂ ಸರಿಯೇ. ಸಿನಿಮಾ ಅಂತೂ ಆಗಿರುತ್ತಲ್ಲ.

ನಮ್ಮ ಕ್ಯಾಸೆಟ್ ಇನ್ನೂ ಇದೆ. ಹಳೆಯ ಕ್ಯಾಸೆಟ್ ಇಟ್ಟುಕೊಂಡಿರುವವರು ಅದನ್ನು ಕಂಪ್ಯೂಟರ್‌ಗೆ ಇಳಿಸೋದನ್ನು ಮುಂದೂಡಬೇಡಿ. ಟೇಪ್ ಮೇಲಿನ ಲೇಪ ಕಾಲಕ್ರಮದಲ್ಲಿ ಕೆಡುತ್ತೆ, ವಿಸಿಆರ್ ರಿಪೇರಿ ಮಾಡುವವರೂ ಸಿಗಲ್ಲ. ಮೊದಲು ಕ್ಯಾಸೆಟ್‌ನಲ್ಲಿ ರೆಕಾರ್ಡಿಂಗ್ ತಡೆಯುವ ಪಟ್ಟಿ ಸರಿಯಾದ ಕಡೆ ಇದೆಯಾ ನೋಡಿ, ಅಪ್ಪಿತಪ್ಪಿ ಬಟನ್ ಒತ್ತಿದರೆ ಎಲ್ಲಾ ಅಳಿಸಿಹೋಗುತ್ತೆ. ಅಡಾಪ್ಟರ್‌ಗೆ ಬ್ಯಾಟರಿ ಬೇಕಾಗುವ ಹಾಗಿದ್ದರೆ ಅದರ ಒಳಗೆ ಹಳೆಯ ಬ್ಯಾಟರಿ ಸೋರಿದೆಯಾ ಅಂತಲೂ ನೋಡಿ. ನಮ್ಮಲ್ಲಿದ್ದದ್ದು ಪಾಲ್ ಅನ್ನುವ ಟಿವಿ ಪದ್ಧತಿಯ ಟೇಪು, ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಚಿತ್ರ. ಅದನ್ನು ಹಾಗೇ 25ರಲ್ಲೇ ಇಳಿಸಿಕೊಳ್ಳಬೇಕು. ಚಿತ್ರದ ತಳದಲ್ಲಿ ಹರಿದ ಹಾಗೆ ಕಾಣುವ ಗೆರೆಗಳು ಬರುತ್ತವೆ, ಅದು ವಿಎಚ್‌ಎಸ್‌ನ ಸ್ವಭಾವ. ಟಿವಿಯಲ್ಲಿ ಅಂಚಿನ ಹಿಂದೆ ಅಡಗಿರುತ್ತಿತ್ತು. ಮೂಲ ಫೈಲ್‌ನಲ್ಲಿ ಅದನ್ನು ಕತ್ತರಿಸೋಕೆ ಹೋಗಬೇಡಿ.

ನಾನು ಇಳಿಸಿಕೊಂಡ ಮೇಲೆ ಒಂದು ಚಂದದ ಕಾಪಿ ಮಾಡಿದೆ. ತಳದ ಗೆರೆ ತೆಗೆದೆ, ಬಣ್ಣ ಸರಿಮಾಡಿದೆ, ಎರಡು ಶಾಟ್ ನಡುವೆ ಉಳಿದಿದ್ದ ಹಳೆಯ ಶಾಟ್‌ಗಳ ಬಾಲಗಳನ್ನು ಕತ್ತರಿಸಿದೆ. ಲೀಡರ್ ಈಗ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಕಳಿಸಿದೆ. ಅವತ್ತೇ ರಾತ್ರಿ ಫೋನ್ ಬಂತು. ಚೆನ್ನಾಗಿದೆ ಅಂತಲೋ, ಆ ದಿನಗಳು ನೆನಪಾದವು ಅಂತಲೋ ಹೇಳುತ್ತಾಳೆ ಅಂದುಕೊಂಡೆ.

‘ನನ್ನ ನೋಟ್‌ಬುಕ್‌ಗೂ ನಿನ್ನ ಫೈಲ್‌ಗೂ ಲೆಕ್ಕ ತಾಳೆ ಆಗ್ತಿಲ್ಲ. ಎಲ್ಲೋ ಕತ್ತರಿಸಿದ್ದೀಯಾ. ಕತ್ತರಿಸದೇ ಇರೋದನ್ನ ಕಳಿಸು.’

ಕಳಿಸಿದೆ. ಈಗ ಒಂದೊಂದೇ ಶಾಟ್ ತಾಳೆ ನೋಡುತ್ತಿದ್ದಾಳೆ. ಮಾಯ ಆಗುವ ಶಾಟ್‌ವರೆಗೂ ಬಂದಿದ್ದಾಳಂತೆ. ಅಲ್ಲಿಯವರೆಗೆ ಎಲ್ಲಾ ಸರಿ ಇದೆ ಅಂದಳು.